ಇಸ್ತ್ರಿ ಮಾಡಿದ ನಾಯಿಕಿವಿಗಳು

ಒಳ್ಳೆಯದು ಮಾಡಲು ಹೋಗಿ ಮೈಮೇಲೆ ಎಳೆದುಕೊಳ್ಳುವುದರಲ್ಲಿ ಈ ಮನೆಯ ಸೊಸೆಗೆ ಸಮಾನರಿಲ್ಲ ಬಿಡಿ. ಅವಳ ಮಾವ ಪುಸ್ತಕಕ್ಕೆ ರಟ್ಟು ಕಟ್ಟುವವರು. ಹಾಳೆಯ ಮೂಲೆ ಮಡಚಿದ್ದು ಕಂಡರೆ ಮೈಯೆಲ್ಲ ಉರಿ. ಅವರ ಮಗಳ ನರ್ಸಿಂಗ್ ಪುಸ್ತಕದಲ್ಲೋ, ಮಡಚದ ಮೂಲೆಯನ್ನು ಹುಡುಕಬೇಕು.

“ಇಂಗ್ಲಿಷಲ್ಲಿ ಇದಕ್ಕೆ ಡಾಗ್-ಇಯರ್ಡ್ ಅಂತಾರೆ. ನಾಯಿಕಿವಿ! ನಾಯಿಗಾದ್ರೆ ದೇವರೇ ಮಡಚಿ ಕೊಟ್ಟಿದಾನೆ, ಈ ಪುಸ್ತಕ ಏನು ಪಾಪ ಮಾಡಿತ್ತು?” ಎಂದು ಮಾವ ದಿನಾ ಕೂಗುವರು.

“ಅದು ಬೈಗುಳ ಅಲ್ಲಪ್ಪ. ಓದಿ ಓದಿ ಸವೆದ ಪುಸ್ತಕಕ್ಕೂ ಹಾಗೇ ಅಂತಾರೆ. ನಿಮ್ಮ ಕಪಾಟಿನಲ್ಲಿರೋದಕ್ಕೆ ಯಾರೂ ಅನ್ನಲ್ಲ, ನಿಶ್ಚಿಂತೆಯಾಗಿರಿ!” ಎನ್ನುವಳು ಮಗಳು.

ಆ ನಾದಿನಿ ಎರಡು ಸಲ ಫೇಲಾಗಿದ್ದಳು; ನಾಳೆಯ ಪರೀಕ್ಷೆಯೇ ಕೊನೆಯ ಅವಕಾಶ. ಇವತ್ತಾದರೂ ಮನೆಯಲ್ಲಿ ಶಾಂತಿ ಇರಲಿ ಎಂದು, ಅವಳು ಹಾಲ್ ಟಿಕೆಟ್ ತರಲು ಹೋದಾಗ ಸೊಸೆ ಮೂಲೆಗಳನ್ನೆಲ್ಲ ಬಿಡಿಸಿ, ಮೇಲೊಂದು ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆ ಒತ್ತಿಯೇಬಿಟ್ಟಳು.

ಬಂದವಳು ಪುಸ್ತಕ ತೆರೆದು ನೋಡಿ ಅಳುತ್ತ ಕೂತಳು. “ಅತ್ತಿಗೇ! ಬಾಯಿಗೆ ಬರದ ಪುಟ ಮಾತ್ರ ಮಡಚಿಟ್ಟಿದ್ದೆ. ಬಾಯಿಗೆ ಬಂದಮೇಲೆ ಬಿಡಿಸ್ತಿದ್ದೆ. ಈಗ ಎಲ್ಲದರ ಮೇಲೂ ಒಂದೇ ಥರ ಮಡಿಕೆ ಗೆರೆ. ಯಾವುದು ಬರುತ್ತೆ, ಯಾವುದು ಬರಲ್ಲ ಅಂತ ಹೇಗೆ ಹುಡುಕಲಿ?”

ಸೊಸೆ ಹಣೆ ಚಚ್ಚಿಕೊಂಡಳು. ಇವಳು ಮತ್ತೆ ಫೇಲಾದರೆ ಆ ಪಾಪ ತನ್ನ ತಲೆಗೇ. ಆದರೆ ಕೂತು ಅತ್ತರೆ ಏನು ಬಂತು? ಪುಸ್ತಕ ಕಿತ್ತುಕೊಂಡು ಎದುರಿಗೇ ಕುಳಿತಳು. “ಗೆರೆ ಇರೋದನ್ನೆಲ್ಲ ಕೇಳ್ತೀನಿ. ಹೇಳು.”

ಸುಟ್ಟಗಾಯಕ್ಕೆ ಮೊದಲೇನು ಮಾಡಬೇಕು, ಹಸುಗೂಸಿನ ನಾಡಿ ಎಲ್ಲಿ ಹಿಡಿಯಬೇಕು ಎಂದು ಕೇಳುತ್ತ ಹೋದಳು. ನಾದಿನಿ ಮೂಗೊರೆಸಿಕೊಳ್ಳುತ್ತ ಹೇಳಿದಳು. ಅರ್ಧ ಪುಸ್ತಕ ದಾಟುವಷ್ಟರಲ್ಲಿ ದನಿ ಗಟ್ಟಿಯಾಗಿತ್ತು.

“ಅಯ್ಯೋ ಅತ್ತಿಗೆ, ಈಗ ಹೇಳಿದ್ನಲ್ಲ, ಈ ಪುಟ ಬೆಳಿಗ್ಗೆವರೆಗೂ ಮಡಚೇ ಇತ್ತು! ಬರುತ್ತೆ ಅಂತ ನಂಬಿಕೆ ಇರಲಿಲ್ಲ, ಬಿಡಿಸೋಕೆ ಭಯ ಅಷ್ಟೆ.”

“ಹಾಳಾದವಳೇ, ನನ್ನ ಜೀವ ಹೋಗಿ ಬಂತಲ್ಲೇ!” ಎಂದು ಸೊಸೆ ಅವಳ ಬೆನ್ನಿಗೊಂದು ಗುದ್ದಿದಳು. ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಕೊನೆಗೆ ಒಂದೇ ಒಂದು ಪುಟಕ್ಕೆ ನಾದಿನಿ ತಡವರಿಸಿದಳು. ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಾವ ಒಳಗೆ ಬಂದು, ಅಂಟು ಮೆತ್ತಿದ್ದ ಕೈಯನ್ನು ಪಂಚೆಗೆ ಒರೆಸಿಕೊಂಡು, ಪುಸ್ತಕ ತೆಗೆದುಕೊಂಡರು. ಆ ಹಾಳೆಯ ಮೂಲೆಯನ್ನು ತಾವೇ ಮಡಚಿ, ಮಡಿಕೆಯ ಮೇಲೆ ಉಗುರಿನಿಂದ ಗಟ್ಟಿಯಾಗಿ ತೀಡಿದರು.

“ಬೆಳಿಗ್ಗೆ ಎದ್ದು ಇದೊಂದು ಓದ್ಕೋ,” ಅಂದರು. “ಆಮೇಲೆ ನೀನೇ ಬಿಡಿಸು.”