ಭಾಗ್ಯಳ ಜಾಗ

ಅಮೃತಾಳನ್ನು ಅಲ್ಲಿ ಕಂಡದ್ದೇ ಸುಕನ್ಯಾ ಟೀಚರ್‌ಗೆ ಮೈಯೆಲ್ಲ ಉರಿದುಹೋಯಿತು. ಭಾಗ್ಯ ಕೂರಬೇಕಾದ ಜಾಗದಲ್ಲಿ, ಮರಳಿನ ತಟ್ಟೆಯ ಮುಂದೆ, ಎಣ್ಣೆ ಹಚ್ಚಿ ಜಡೆ ಹಾಕಿಸಿಕೊಂಡ ಅಮೃತಾ ಕೈಕಟ್ಟಿ ಕೂತಿದ್ದಳು. ನಾಲ್ಕನೇ ತರಗತಿಗೇ ಮೊದಲನೆಯವಳು; ಪುಸ್ತಕ ಕೊಟ್ಟರೆ ಸಾಕು, ಗಡಗಡ ಓದುವವಳು.

"ಭಾಗ್ಯ ಎಲ್ಲಿ ಸಾರ್?"

ಹೆಡ್‌ಮಾಸ್ಟರ್ ಏಕಾಂತಪ್ಪನವರು ನಗುತ್ತ ಹತ್ತಿರ ಬಂದರು. ಹೊಸಹಳ್ಳಿಯ ಆ ಶಾಲೆಗೆ ಯಾವ ಸಾಹೇಬರು ಬಂದರೂ ಓದಲು ಬಾರದವರನ್ನು ಮರೆಮಾಡಿ, ಓದಬಲ್ಲವರನ್ನು ಮುಂದೆ ಕೂರಿಸುವುದು ಅವರ ಹಳೇ ಪದ್ಧತಿ.

"ಅಕಿನ್ನ ಬ್ಯಾಳಿ ಆರಿಸಾಕ ಅಡಿಗಿಮನಿಗೆ ಕಳಿಸೀನ್ರಿ. ನಿಮ್ಮ ಪರೀಕ್ಷಾದವ್ರು ಬರ್ತಾರಂತ ನಾನಽ ಎಲ್ಲಾ ವ್ಯವಸ್ಥಾ ಮಾಡೀನಿ. ಕಣ್ಣು ಮುಚ್ಕೊಂಡು ಪಾಸಾಗ್ತೀರಿ ನೋಡ್ರಿ."

ಅಯ್ಯೋ ಪುಣ್ಯಾತ್ಮ! ಕೇಡು ಬಗೆದಿದ್ದರೆ ಜಗಳವಾಡಬಹುದಿತ್ತು. ಇವರು ಉಪಕಾರ ಮಾಡಿ ನಿಂತಿದ್ದರು. ಎರಡು ವರ್ಷ ಭಾನುವಾರಗಳನ್ನೆಲ್ಲ ಬಸ್ಸಿಗೆ ಸುರಿದು ಸುಕನ್ಯಾ ಓದಿದ ಸ್ನಾತಕೋತ್ತರ ಕೋರ್ಸು, ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಓದು ಕಲಿಸುವುದರದ್ದು. ಬುದ್ಧಿ ಚುರುಕಾಗಿದ್ದೂ ಅಕ್ಷರ ಮಾತ್ರ ಕೈಗೆ ಸಿಗದೆ ಒದ್ದಾಡುವ ಮಕ್ಕಳು. ಅಂಥವಳೇ ಆದ ಭಾಗ್ಯಳಿಗೆ ಇವತ್ತು ಮಾಡುವ ಪಾಠವೇ ಅದರ ಕೊನೆಯ ಪರೀಕ್ಷೆ.

"ಓದಾಕ ಬರೋ ಹುಡುಗಿಗೆ ನಾನೇನ್ ಕಲಿಸ್ಲಿ ಸಾರ್?"

"ಭಾಗ್ಯ ತಡವರಿಸಿದ್ರ ನೀವು ಫೇಲಾಗ್ತೀರಿ, ಸಾಲಿ ಮರ್ಯಾದಿನೂ ಹೋಗ್ತೈತಿ. ದಡ್ಡಿ ಅದಾಳ್ರಿ ಅಕಿ."

"ದಡ್ಡಿ ಅಲ್ರಿ! ಇನ್ನೊಮ್ಮಿ ಆ ಮಾತು ಆಡಬ್ಯಾಡ್ರಿ. ಫೇಲಾದ್ರ ಅಕಿ ಜತಿಗೇ ಫೇಲಾಗ್ತೀನಿ."

ಗೇಟಿನ ಹತ್ತಿರ ಪರೀಕ್ಷಕಿಯ ಕಾರು ಬಂದು ನಿಂತದ್ದು ಕಂಡರೂ ಸುಕನ್ಯಾ ಅಂಗಳ ದಾಟಿ ಅಡುಗೆಮನೆಗೆ ನಡೆದೇಬಿಟ್ಟಳು. ಭಾಗ್ಯ ಮೊರದ ಮುಂದೆ ತಲೆ ತಗ್ಗಿಸಿ ಕೂತಿದ್ದಳು.

"ಕರಕೊಂಡು ಹೋಗ್ರಿ ಟೀಚರ್," ಎಂದಳು ಬಿಸಿಯೂಟದ ಸುಂಕಮ್ಮ. "ಮುಂಜಾನಿಂದ ತುಟಿ ಬಿಚ್ಚಿಲ್ಲ ಹುಡುಗಿ."

"ನಾನು ಬ್ಯಾಡಂತ್ರಿ," ಎಂದಳು ಭಾಗ್ಯ.

"ನಾನು ಅಂದೀನೇನು? ಏಳು."

ಇಬ್ಬರೂ ತರಗತಿಗೆ ಬಂದದ್ದೇ ಅಮೃತಾ ಜಾಗ ಬಿಟ್ಟು ಕಿಟಕಿಯ ಪಕ್ಕ ಹೋಗಿ ನಿಂತಳು. ಪರೀಕ್ಷಕಿ ಹಿಂದಿನ ಬೆಂಚಿನಲ್ಲಿ ಕೂತು ಪೆನ್ನು ಬಿಚ್ಚಿದರು. ಭಾಗ್ಯ ಮರಳಿನಲ್ಲಿ ಬೆರಳಾಡಿಸಿ ಒಂದೊಂದೇ ಅಕ್ಷರ ಬರೆದಳು, ಬರೆಯುತ್ತ ಬಾಯಲ್ಲಿ ಹೇಳಿದಳು, ಅಳಿಸಿದಳು, ಮತ್ತೆ ಬರೆದಳು. ಆಮೇಲೆ ಸುಕನ್ಯಾ ಒಂದು ಚೀಟಿಯನ್ನು ಅವಳ ಮುಂದಿಟ್ಟಳು: ಅಜ್ಜಿ ಹುಣಸೆ ಹಣ್ಣು ಬಿಡಿಸಿದಳು.

"ಅಜ್ಜಿ," ಎಂದಳು ಭಾಗ್ಯ. ಎರಡನೆಯ ಪದದ ಕೆಳಗೆ ಬೆರಳಿಟ್ಟು ನಿಂತುಬಿಟ್ಟಳು. ಸುಕನ್ಯಾ ಹೇಳಿಕೊಡದೆ ಕಾದಳು. ಬಾಗಿಲಲ್ಲಿ ನಿಂತಿದ್ದ ಏಕಾಂತಪ್ಪನವರಿಗೆ ತಡೆಯಲಾಗಲಿಲ್ಲ.

"ಹುಣ..." ಎಂದು ಮೆಲ್ಲಗೆ ಶುರು ಮಾಡಿದರು.

ಭಾಗ್ಯ ತಲೆಯೆತ್ತಲಿಲ್ಲ. "ಹೇಳಬ್ಯಾಡ್ರಿ ಸಾರ್. ನಾನಽ ಓದ್ತೀನಿ."

ಆ ಶಾಲೆಯ ಮಕ್ಕಳಲ್ಲಿ ಅವರಿಗೆ ಹಾಗೆ ಹೇಳಿದವರು ಈವರೆಗೆ ಯಾರೂ ಇರಲಿಲ್ಲ. ಏಕಾಂತಪ್ಪನವರು ಒಂದು ಹೆಜ್ಜೆ ಹಿಂದಿಟ್ಟರು. ಪರೀಕ್ಷಕಿ ಪೆನ್ನು ಕೆಳಗಿಟ್ಟರು. ಬೇಳೆಯ ಧೂಳು ಮೆತ್ತಿದ್ದ ಬೆರಳು ಒಂದು ಅಕ್ಷರದಿಂದ ಮುಂದಿನ ಅಕ್ಷರಕ್ಕೆ ಸರಿಯಿತು.