ಬಳೆ ನಿಶಾನಿ

"ಕುರಿ ಹಿಕ್ಕಿ ತುಳದ ಕಾಲು ಹೊರಗ ಇರ್ಲಿ. ಕೈ ಅಷ್ಟ ಒಳಗ ಬರ್ಲಿ," ಅಂದರು ವಕೀಲರು.

ಹುಲ್ಲಪ್ಪ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಹುನಗುಂದದ ಆ ಪಡಸಾಲೆಯ ಹೊಸ್ತಿಲಾಚೆ, ಬಿಸಿಲಿನಲ್ಲಿ ಕೂತು, ಒಳಗಿನ ನೆರಳಿನಲ್ಲಿದ್ದ ಮಣೆಯ ಮೇಲೆ ಕೈಚಾಚಿ ಬರೆಯಬೇಕು. ಪುಣೆಯ ಕಾಲೇಜಿನಲ್ಲಿ ದೊರೆಗಳ ಮಕ್ಕಳ ಪಕ್ಕ ಬೆಂಚಿನ ಮೇಲೆ ಕೂರುವ ಹುಡುಗ ಇವನು. ಇಲ್ಲಿ ನೆರಳಿಗೆ ಬರಲು ಅವನ ಅಂಗೈಗಷ್ಟೇ ಪರವಾನಗಿ.

ಬಿ.ಎ. ಮುಗಿದ ಮೇಲೆ ಕಾಯ್ದೆ ಕಲಿಯುವ ಆಸೆ ಅವನಿಗೆ. ಯಾರಾದರೂ ವಕೀಲರ ಕೈಕೆಳಗೆ ಎರಡು ತಿಂಗಳು ದುಡಿದು ಪತ್ರ ತಂದರೆ ಶಿಷ್ಯವೇತನ ಮುಂದುವರಿಸುತ್ತೇವೆ ಅಂದಿದ್ದರು ಕಾಲೇಜಿನವರು. ಅದಕ್ಕೇ ಬೇಸಿಗೆ ಸೂಟಿಗೆ ಬಾಗಲಕೋಟೆಯಲ್ಲಿ ರೈಲು ಇಳಿದವನು ನಡೆದುಕೊಂಡೇ ಇಲ್ಲಿಗೆ ಬಂದಿದ್ದ. ತಾಯಿತಂದೆ ಇಲ್ಲದ ಅವನನ್ನು ಸಾಕಿದವಳು ಅಪ್ಪನ ತಂಗಿ ಮಾಯವ್ವ. ಉಣ್ಣೆ ನೂತು, ಕಂಬಳಿ ಮಾರಿ ಸಾಲೆಗೆ ಹಾಕಿದವಳೂ ಅವಳೇ. ಗಂಡ ಸತ್ತು ಆರು ವರ್ಷವಾದ ಆ ಹೆಂಗಸಿಗೆ ಮಲಪ್ರಭೆಯ ದಂಡೆಯಲ್ಲಿ ನಾಲ್ಕೆಕರೆ ಎರೆಹೊಲವಿತ್ತು. ಗಂಡನನ್ನು ಮಣ್ಣು ಮಾಡಿದ್ದೂ ಆ ಹೊಲದಲ್ಲೇ.

"ನಮ್ಮ ಹುಲ್ಲಪ್ಪ ವಕೀಲ ಆಗ್ಲಿ, ಆಮ್ಯಾಲೆ ನಮ್ಮ ಕುರಿ ಯಾವ ಮಗ ಕೊಂಡವಾಡಕ್ಕ ಹೊಡದು ಕೂಡಿಹಾಕ್ತಾನ ನೋಡ್ತೇನಿ," ಅನ್ನುತ್ತಿದ್ದಳು ಕೇರಿಯ ಮಂದಿಗೆಲ್ಲ.

ಮೊದಲ ತಿಂಗಳು ಅಂಗಳ ಗುಡಿಸುವುದು, ದಫ್ತರ ಹೊರುವುದು, ನಕಲು ತೆಗೆಯುವುದು. ನೀರಡಿಸಿದರೆ ಬೊಗಸೆ ಒಡ್ಡಬೇಕು, ಮೇಲಿನಿಂದ ಸುರಿಯುತ್ತಿದ್ದರು. ಬಾಗಿಲ ಪಕ್ಕ ತನ್ನ ಚಾಪೆಯ ಮೇಲೆ ಕೂರುವ ಮುದಿ ಕಾರಕೂನ ಅಮೀನಸಾಬನೊಬ್ಬನೇ ಅವನನ್ನು ಮನುಷ್ಯರ ಹಾಗೆ ಮಾತಾಡಿಸುತ್ತಿದ್ದ. ನಿಶಾನಿ ಹಾಕುವುದನ್ನು ಕಲಿಸಿದವನೂ ಅವನೇ. ಅಕ್ಷರ ಬಾರದವರು ಸಹಿಯ ಜಾಗದಲ್ಲಿ ತಮ್ಮ ಕಸುಬಿನ ಗುರುತು ಬರೆಸುತ್ತಿದ್ದರು. ಒಕ್ಕಲಿಗನಿಗೆ ನೇಗಿಲು, ನೇಕಾರನಿಗೆ ಲಾಳಿ, ಕುರುಬನಿಗೆ ಕತ್ತರಿ, ಹೆಂಗಸರಿಗೆ ಬಳೆ. ಬರೆಯುವ ಲೆಕ್ಕಣಿಕೆಯನ್ನು ಅವರು ಮೊದಲು ಮುಟ್ಟಿಕೊಡಬೇಕು, ಬರೆಯುವವನು ಅವರೆದುರಿಗೇ ಗುರುತು ತೆಗೆಯಬೇಕು. ಅದು ರಿವಾಜು.

ಒಂದು ಮುಂಜಾನೆ ವಕೀಲರು ಹನ್ನೆರಡು ಕಾಗದ ಮುಂದೆ ಒಗೆದರು.

"ಇವಕ್ಕ ನಿಶಾನಿ ತೆಗಿ. ಆರು ನೇಗಿಲಾ, ಐದು ಕತ್ತರಿ, ಒಂದು ಬಳಿ. ಹೆಸರು ಆಮ್ಯಾಲೆ ಅಮೀನಸಾಬ ತುಂಬ್ತಾನ."

"ಮಂದಿ ಬಂದು ಲೆಕ್ಕಣಿಕಿ ಮುಟ್ಟಬೇಕಲ್ರಿ?"

"ಬರ್ತಾರ, ಮುಟ್ತಾರ. ನೀ ನನಗ ಕಾಯ್ದೆ ಕಲಸ್ಲಿಕ್ಕೆ ಬಂದೀಯೇನು? ಪತ್ರ ಬೇಕೋ ಬ್ಯಾಡೋ?"

ಪತ್ರ ಬೇಕಾಗಿತ್ತು. ಇದು ಸರಿಯಲ್ಲವೆಂದು ಅವನಿಗೆ ಗೊತ್ತಿತ್ತು, ಆದರೂ ಬರೆದ. ಬಳೆಯನ್ನಂತೂ ಉಸಿರು ಬಿಗಿಹಿಡಿದು ದುಂಡಗೆ ತೆಗೆದು, ಚಂದ ಕಾಣಲೆಂದು ಮೂರು ಗೀರು ಹಾಕಿದ. ವಕೀಲರು ನೋಡಿ, "ಕೈ ಛಲೋ ಅದ ನಿಂದು. ಇವತ್ತ ಒಳಗ ಕೂಡು," ಅಂದರು. ಹುಲ್ಲಪ್ಪ ಹೊಸ್ತಿಲು ದಾಟಿ ನೆರಳಿನಲ್ಲಿ ಕೂತ. ಸುಳ್ಳು ಯಾಕೆ ಹೇಳಬೇಕು, ಅವನಿಗೆ ಬಹಳ ಸಂತೋಷವಾಯಿತು. ಅಮೀನಸಾಬ ಮಾತ್ರ ಅವನ ಮೋರೆ ನೋಡಲಿಲ್ಲ.

ಹದಿನೈದು ದಿನ ಕಳೆದ ಮೇಲೆ ವಕೀಲರು ದಫ್ತರ ಹೊರಿಸಿಕೊಂಡು ಅವನನ್ನೂ ಅಮೀನಸಾಬನನ್ನೂ ಮಾಮಲೇದಾರ ಕಚೇರಿಗೆ ಕರೆದೊಯ್ದರು. ಕಟಕಟೆಯ ಮುಂದೆ ಮಾಯವ್ವ ನಿಂತಿದ್ದಳು.

"ಅತ್ತಿ! ನೀ ಯಾಕ ಇಲ್ಲಿ?"

"ನಾ ನಮ್ಮೂರ ದೇಸಾಯಿಗೆ ಹೊಲಾ ಬಿಟ್ಟುಕೊಟ್ಟೇನಂತೋ ಯಪ್ಪಾ. ಚಾವಡಿ ವಾಲೀಕಾರ ಬಂದು ಎಳಕೊಂಡು ಬಂದ." ಅವನನ್ನು ಕಂಡು ಅವಳ ಕಣ್ಣಿಗೆ ಜೀವ ಬಂತು. "ನೀ ಅದಿಯಲ್ಲ, ಇನ್ನ ನನಗ ಅಂಜಿಕಿಲ್ಲ."

ಮಾಮಲೇದಾರರು ಕಾಗದ ಓದಿದರು: ಈ ಹೊಲ ನನಗೆ ಸಾಗುವಳಿ ಮಾಡಲು ಆಗುವುದಿಲ್ಲ, ದೇಸಾಯರ ಹೆಸರಿಗೆ ಮಾಡಬೇಕು, ಹೊಲ ಬಿಟ್ಟುಕೊಡುವ ಈ ರಾಜೀನಾಮೆ ಬರೆದುಕೊಟ್ಟವಳು ಮಾಯವ್ವ ಕುರುಬರ. ಕೆಳಗೆ ನಿಶಾನಿ, ಮೂರು ಗೀರಿನ ದುಂಡನೆಯ ಬಳೆ.

"ನಾ ಯಾವ ಕಾಗದಾನೂ ಮುಟ್ಟಿಲ್ರಿ," ಅಂದಳು ಮಾಯವ್ವ.

ವಕೀಲರ ಪಕ್ಕ ಕೂತಿದ್ದ ದೇಸಾಯಿ ಎದ್ದು ನಿಂತ. "ಬೊಗಳಬ್ಯಾಡ ರಂಡಿ! ಅಲ್ಲಿ ಬಿದ್ದೈತಿ ನೋಡು ನಿನ್ನ ನಿಶಾನಿ."

ಮಾಯವ್ವ ಬಗ್ಗಿ ಕಾಗದ ನೋಡಿದಳು. ಆಮೇಲೆ ಸೆರಗಿನಿಂದ ಎರಡೂ ಕೈ ಹೊರಗೆ ತೆಗೆದು ಮೇಲೆತ್ತಿದಳು. "ಇದು ಬಳಿ ರಿ. ಆರು ವರ್ಷ ಆತು ಈ ಕೈಯಾಗ ಬಳಿ ಒಡದು. ಗಂಡ ಸತ್ತಾಕಿ ಬಳಿ ಬರಸಂಗಿಲ್ಲ ನಮ್ಮಾಗ, ಉಣ್ಣಿ ನೂಲೂ ಕದರ ಬರಸ್ತೇವಿ. ಬೀರಪ್ಪನಾಣಿ, ಇದು ನಂದಲ್ರಿ."

ವಕೀಲರ ಕೈ ರುಮಾಲಿನ ಮೇಲೆ ಹೋಯಿತು, ದೇಸಾಯಿಯ ಮೋರೆ ಸಣ್ಣದಾಯಿತು. ಮಾಮಲೇದಾರರು ಕಾಗದವನ್ನು ಬದಿಗೆ ಸರಿಸಿ, "ಇದು ಅನುಮಾನದ ಮಾತು," ಅಂದರು.

ಅಲ್ಲಿಗೆ ಸುಮ್ಮನಿದ್ದಿದ್ದರೆ! ಆದರೆ ಆ ಬರಿಗೈ ಎರಡೂ ಹುಲ್ಲಪ್ಪನ ಕಣ್ಣ ಮುಂದೆಯೇ ಇದ್ದವು. ನಿಜ ಹೇಳಿದರೆ ಅತ್ತೆ ಉಳಿಯುತ್ತಾಳೆ ಎಂದೇ ಅವನು ನಂಬಿದ.

"ಆ ಬಳಿ ತಗದಾಂವ ನಾನಽ ರಿ ಸಾಹೇಬ್ರ! ಕಾಗದದ ಮ್ಯಾಲ ಹೆಸರಿದ್ದಿಲ್ಲ. ಆಕಿ ಅಲ್ಲಿ ಇದ್ದಿಲ್ಲ. ಇವರು ತೆಗಿ ಅಂದ್ರು, ತಗದ್ನಿ."

ವಕೀಲರು ನಕ್ಕರು.

"ಕೇಳಿದ್ರ್ಯಾ ರಾವಸಾಹೇಬ್ರ? ಸ್ವಂತ ಅಣ್ಣನ ಮಗ ತಗದಾನ. ಮನಿ ಹುಡುಗನ್ನ ಬಿಟ್ಟು ಮತ್ತ್ಯಾರ ಕಡೆ ಬರಸ್ತಾಳ? ಆಕಿ ಮುಟ್ಯಾಳ, ಇಂವ ಗೀರ್‍ಯಾನ. ಪುಣೆಕ್ಕ ಹೋಗಿ ಜಾತಿ ರೂಢಿ ಮರತಾನ, ಅಷ್ಟ. ಈಗ ಹೊಲದ ಆಸೆಕ್ಕ ತಿರಗಲಿಕ್ಕೆ ಹತ್ಯಾನ."

"ಮುಟ್ಟಿಲ್ರಿ!"

"ಮುಟ್ಟದವರ ನಿಶಾನಿ ಹಾಕಿದಿ ಅಂದ್ರ ಖೊಟ್ಟಿ ಕಾಗದ ಮಾಡಿದಾಂವ ನೀನಽ. ಏಳು ವರ್ಷ ಜೇಲು ಅದ, ಹೋಗ್ತೀಯೇನು?"

"ಹೋಗ್ತೇನ್ರಿ," ಅಂದ ಹುಲ್ಲಪ್ಪ.

ಆ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಆಕೆ ಲೆಕ್ಕಣಿಕೆ ಮುಟ್ಟಿದ್ದು ನಿಜವೇ ಎಂದು ಮಾಮಲೇದಾರರು ಹೆಸರು ತುಂಬಿದ ಅಮೀನಸಾಬನನ್ನು ಕೇಳಿದರು. ಮುದುಕನ ಮನೆಯಲ್ಲಿ ಕಣ್ಣು ಕಾಣದ ಹೆಂಡತಿ ಮಕ್ತುಮಬಿ, ಗಂಡ ಬಿಟ್ಟ ಮಗಳು.

"ಮುಟ್ಯಾಳ್ರಿ," ಅಂದ.

ರಾಜೀನಾಮೆ ಮಂಜೂರಾಯಿತು.

ಹೊರಗೆ ಬೇವಿನ ಗಿಡದ ಕೆಳಗೆ ವಕೀಲರು ಹುಲ್ಲಪ್ಪನ ಮುಂದೆ ಮಡಚಿದ ಕಾಗದವೊಂದನ್ನು ಒಗೆದರು. "ತಗೋ ನಿನ್ನ ಪತ್ರ. ಛಲೋ ಬರದೀನಿ. ಬಾಯಿ ಮುಚಗೊಂಡು ನಾಳಿನ ರೈಲಿಗೆ ಪುಣೆಕ್ಕ ಹೋಗು." ಕಾಗದ ಧೂಳಿನಲ್ಲಿ ಬಿತ್ತು. ಅದನ್ನು ಎತ್ತಿಕೊಳ್ಳಲು ಅವನಿಗೆ ಕೈಯೇ ಬರಲಿಲ್ಲ.

ಊರಿನ ದಾರಿಯಲ್ಲಿ ಎರಡು ಹರದಾರಿ ನಡೆದ ಮೇಲೆ ಮಾಯವ್ವ ಮೆಲ್ಲಗೆ, "ನೀ ಸುಮ್ಮಕಿದ್ರ ಹೊಲಾ ಉಳೀತಿತ್ತೇನೋ," ಅಂದಳು. ಬೈಗುಳವಿರಲಿಲ್ಲ ಆ ಮಾತಿನಲ್ಲಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಹುಲ್ಲಪ್ಪ ದಾರಿಯಲ್ಲೇ ಕುಕ್ಕರಿಸಿ ಹೆಣದ ಮುಂದೆ ಅತ್ತ ಹಾಗೆ ಅತ್ತ. ಅವಳು ಅವನ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು.

ಮರುದಿನ ಹೊತ್ತು ಏರುವ ಮೊದಲೇ ದೇಸಾಯಿಯ ನೇಗಿಲು ಹೊಲಕ್ಕೆ ಬಂತು. ಹೂಡಿದ್ದವನು ಬಂಡೆಪ್ಪ, ದೇಸಾಯಿಯ ಜೀತದಾಳು. ಎರಡು ಸಾಲು ಹೊಡೆದಿದ್ದ ಅಷ್ಟೇ, ಮಾಯವ್ವ ಬಂದು ಮೂರನೆಯ ಸಾಲಿಗೆ ಅಡ್ಡ ಮಲಗಿದಳು. ಹುಲ್ಲಪ್ಪ ಕಾಲೇಜಿನ ಕೋಟಿನಲ್ಲೇ ಬಂದಿದ್ದ. ಅವಳ ಪಕ್ಕ, ಎರೆಮಣ್ಣಿನ ಹೆಂಟೆಯ ಮೇಲೆ, ಅಂಗಾತ ಮಲಗಿದ.

ಕುದುರೆಯ ಮೇಲಿದ್ದ ದೇಸಾಯಿ ಕೂಗಿದ: "ಏಳ್ಲೇ ಸೂಳಿಮಗನ! ಸರಕಾರದ ಹುಕುಂ ಐತಿ!"

"ಹುಕುಂ ನಾ ಬರದದ್ದು," ಅಂದ ಹುಲ್ಲಪ್ಪ ಮಲಗಿದಲ್ಲಿಂದಲೇ. "ಸುಳ್ಳು ಬರದೇನಿ. ಏಳಂಗಿಲ್ಲ."

"ಬಂಡ್ಯಾ! ಏನ್ ನೋಡ್ತೀಲೇ, ಹೊಡಿ ಎತ್ತ! ಮ್ಯಾಲ ಹಾಯಿಸಿ ಹೊಡಿ!"

ಎತ್ತುಗಳು ಮೂಗಿನಿಂದ ಬುಸುಗುಟ್ಟಿದವು. ಅವುಗಳ ಜೊಲ್ಲು ಹುಲ್ಲಪ್ಪನ ಹಣೆಯ ಮೇಲೆ ಬಿತ್ತು. ಮಾಯವ್ವ ಅವನ ಕೈ ಹಿಡಿದುಕೊಂಡಳು. ಬಂಡೆಪ್ಪ ಒಮ್ಮೆ ದೇಸಾಯಿಯನ್ನು ನೋಡಿದ, ಒಮ್ಮೆ ನೆಲದ ಮೇಲಿದ್ದ ಇಬ್ಬರನ್ನು ನೋಡಿದ, ಬಾರುಕೋಲು ಮೇಲೆತ್ತಿದ. ಎತ್ತಿದ ಕೋಲು ಎತ್ತಿದಲ್ಲೇ ನಿಂತಿತು, ಎತ್ತಿನ ಮೇಲೆ ಇಳಿಯಲಿಲ್ಲ, ದೇಸಾಯಿ ಇನ್ನೂ ಕೂಗುತ್ತಲೇ ಇದ್ದ.