ಡಾರೆಲ್‌ಗೆ ನೊರೀನ್ ಆರಿಸಿಕೊಟ್ಟ ಶೂ

ಐವತ್ತೊಂದನೇ ವಯಸ್ಸಿನಲ್ಲಿ ಡಾರೆಲ್ ಬಂಡೆ ಹತ್ತುವ ಶೂ ಕೊಳ್ಳಲು ಹೋದದ್ದು ತನ್ನ ಆಸೆಗಲ್ಲ. ಹತ್ತುತ್ತಿದ್ದವಳು ಅವನ ಹೆಂಡತಿ ನೊರೀನ್. ಬಿಷಪ್ ಎಂಬ ನಮ್ಮ ಊರಿನ ಪಶ್ಚಿಮಕ್ಕೆ ಬೆಟ್ಟದ ಬುಡದಲ್ಲಿ ಬಿದ್ದಿರುವ ಬಂಡೆಗಳನ್ನು ಹದಿನೆಂಟು ವರ್ಷ, ಹಗ್ಗದ ಹಂಗಿಲ್ಲದೆ, ಕೆಳಗೊಂದು ದಪ್ಪ ಹಾಸು ಹಾಕಿಕೊಂಡು ಹತ್ತಿದವಳು. ಕಾಲುವೆ ದುರಸ್ತಿಯ ಯಂತ್ರ ಓಡಿಸುವ ಡಾರೆಲ್ ಆ ಹದಿನೆಂಟು ವರ್ಷವೂ ಭಾನುವಾರ ಮನೆಯಲ್ಲೇ ಕೂತು ಫುಟ್‌ಬಾಲ್ ನೋಡಿದ. ಕಲ್ಲೇನು ಓಡಿಹೋಗುತ್ತದೆಯೇ, ಮುಂದಿನ ವಾರ ಬರುತ್ತೇನೆ ಅನ್ನುತ್ತಿದ್ದ.

ಆ ಬೇಸಿಗೆಯಲ್ಲಿ ನೊರೀನಳ ಎಡಗೈ ಹಿಡಿತ ತಪ್ಪತೊಡಗಿತು. ಬೆರಳು ಉಳುಕಿರಬೇಕು ಅಂದುಕೊಂಡಳು. ಆಮೇಲೆ ಬಲಗೈಯೂ ಹಾಗೇ ಆಯಿತು. ರೀನೋ ನಗರದ ವೈದ್ಯೆ ಮೂರು ಸಲ ಕರೆಸಿ ಪರೀಕ್ಷಿಸಿ, ಇದು ಸ್ನಾಯುಗಳು ಒಂದೊಂದಾಗಿ ಸೋಲುತ್ತಾ ಹೋಗುವ ಕಾಯಿಲೆ, ಇದಕ್ಕೆ ಮದ್ದಿಲ್ಲ, ಎರಡು ವರ್ಷ ಸಿಗಬಹುದು ಅಂದಳು. ವಾಪಸು ಬರುವ ದಾರಿಯಲ್ಲಿ, ಲೀ ವೈನಿಂಗ್ ಊರು ದಾಟಿದ ಮೇಲೆ ಅವಳು, ನಾಳೆ ಹೋಗಿ ನಿನಗೊಂದು ಜೋಡಿ ಶೂ ತರೋಣ ಅಂದಳು. ಮರುದಿನ ಇಬ್ಬರೂ ಬಂಡೆ ಹತ್ತುವ ಸಾಮಾನಿನ ಅಂಗಡಿಗೆ ಹೋದರು.

ಅಂಗಡಿಯ ಇನೆಸ್‌ಗೆ ನೊರೀನ್ ಹಳೆಯ ಪರಿಚಯ. ಗೋಡೆಗೆ ಸಾಲಾಗಿ ಜೋಡಿಸಿದ್ದ ಶೂಗಳಲ್ಲಿ ಡಾರೆಲ್ ನೇರವಾಗಿ ತೆಗೆದದ್ದು ಮುಂದುಗಡೆ ಗಿಣಿಯ ಕೊಕ್ಕಿನಂತೆ ಬಾಗಿದ ಒಂದು ಶೂ.

"ಅದನ್ನ ಅಲ್ಲೇ ಇಡು," ಅಂದಳು ನೊರೀನ್. "ಹತ್ತು ನಿಮಿಷಕ್ಕೆ ಅಳೋಕೆ ಶುರು ಮಾಡ್ತೀಯ."

"ನೀನು ಇಂಥದ್ದೇ ಅಲ್ವೇನೇ ಹಾಕ್ತಿದ್ದಿದ್ದು?"

"ನಾನು ಹಾಕಿದ್ದು ಆರು ವರ್ಷ ಹತ್ತಿದ ಮೇಲೆ ಕಣೋ. ಹೊಸಬರಿಗೆ ಚಪ್ಪಟೆ ಇರಬೇಕು, ಅಡಿ ಗಟ್ಟಿ ಇರಬೇಕು. ನಿನ್ನ ಪಾದ ನೋಡಿದೀಯಾ? ಬ್ರೆಡ್ಡು ಉಬ್ಬಿದ ಹಾಗಿದೆ."

ಇನೆಸ್ ನಗುತ್ತಾ ಮೂರು ಜೋಡಿ ತಂದಳು. ಕಾಲುಚೀಲ ಬಿಚ್ಚಿಸಿದಳು. ಮೊದಲನೆಯದರಲ್ಲಿ ಬೆರಳುಗಳು ಸಲೀಸಾಗಿ ಆಡಿದವು. ಇದು ಪೇಟೆ ತಿರುಗೋಕೆ ಸರಿ, ಹತ್ತೋಕಲ್ಲ ಎಂದು ನೊರೀನ್ ಬದಿಗೆ ಸರಿಸಿದಳು. ಎರಡನೆಯದರಲ್ಲಿ ಬೆರಳು ಮಡಿಚಿಕೊಂಡು ಡಾರೆಲ್ ಮುಖ ಕಿವುಚಿದ. ಮೂರನೆಯದರಲ್ಲಿ ಹಿಮ್ಮಡಿಯ ಹಿಂದೆ ಸಂದಿಲ್ಲ, ನೋವೂ ಇಲ್ಲ. ಬೆರಳ ತುದಿ ಮುಂದಕ್ಕೆ ಮುಟ್ಟುತ್ತಿದೆಯೋ ಇಲ್ಲವೋ ನೋಡಲು ನೊರೀನ್ ಕುರ್ಚಿ ಹಿಡಿದು ಮೆಲ್ಲಗೆ ಅವನೆದುರು ಮಂಡಿಯೂರಿದಳು. ಶೂವಿನ ತುದಿಗೆ ಹೆಬ್ಬೆರಳಿಟ್ಟು ಒತ್ತಿದಳು. ಮತ್ತೆ ಎರಡೂ ಹೆಬ್ಬೆರಳು ಜೋಡಿಸಿ ಒತ್ತಿದಳು.

"ಒತ್ತು, ನೋಡೋಣ," ಅಂದ ಡಾರೆಲ್.

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಆಗ ಅವನಿಗೆ ಅರ್ಥವಾಯಿತು: ಅವಳು ಒತ್ತುತ್ತಲೇ ಇದ್ದಳು. ಇನೆಸ್ ಪಕ್ಕದಲ್ಲಿ ಕೂತು, ನೊರೀನಳ ಹೆಬ್ಬೆರಳ ಮೇಲೆ ತನ್ನ ಹೆಬ್ಬೆರಳಿಟ್ಟು ಬಲವಾಗಿ ಅದುಮಿದಳು. ರಬ್ಬರು ತಗ್ಗಿ ಅವನ ಬೆರಳು ಸಿಕ್ಕಿತು.

"ಹೂಂ," ಅಂದಳು ನೊರೀನ್. "ಇದೇ."

ಆ ಚಳಿಗಾಲವೆಲ್ಲ ಅವಳು ಮಡಚುವ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತು ಅವನನ್ನು ಹತ್ತಿಸಿದಳು. ಅಂಗಾಲು ಊರಬೇಡ, ತುದಿ ಇಡು. ಕೈಯಲ್ಲಿ ಎಳೆಯಬೇಡ, ಕಾಲ ಮೇಲೆ ನಿಲ್ಲು. ಡಾರೆಲ್‌ಗೆ ಎತ್ತರವೆಂದರೆ ಹೆದರಿಕೆ. ಬೆರಳ ಚರ್ಮ ಕಿತ್ತುಬರುತ್ತಿತ್ತು. ಅವನಿಗೆ ಒಂದು ದಿನವೂ ಅದು ಇಷ್ಟವಾಗಲಿಲ್ಲ, ಒಂದು ದಿನವೂ ಅವನು ಅದನ್ನು ಹೇಳಲಿಲ್ಲ.

ಮರುವರ್ಷದ ಶರತ್ಕಾಲಕ್ಕೆ ಅವಳನ್ನು ಕಾರಿನಲ್ಲಿ ಕೂರಿಸುವುದೂ ಕಷ್ಟವಾಯಿತು. ಮಾತು ನಿಂತಿತು. ಅಕ್ಷರ ಬರೆದ ಹಲಗೆ ಹಿಡಿದರೆ ಕಣ್ಣಲ್ಲೇ ಒಂದೊಂದನ್ನು ತೋರಿಸಿ ಮಾತು ಕೂಡಿಸುತ್ತಿದ್ದಳು. ಭಾನುವಾರ ನರ್ಸ್ ಬಂದಾಗ ಡಾರೆಲ್ ಒಬ್ಬನೇ ಹೋಗಿ ಹತ್ತಿ ಬಂದು, ಕಲ್ಲು ಎಷ್ಟು ತಣ್ಣಗಿತ್ತು, ಎಲ್ಲಿ ಕಾಲು ಜಾರಿತು, ಯಾರು ಸಿಕ್ಕಿದ್ದರು ಎಂದು ವರದಿ ಒಪ್ಪಿಸುತ್ತಿದ್ದ.

ನೊರೀನ್ ಏಳು ವರ್ಷ ಹೆಣಗಿದರೂ ಗೆಲ್ಲದ ಬಂಡೆ ಒಂದಿತ್ತು. ಪ್ರತಿ ಸಲ ಕೊನೆಯ ಹಿಡಿತದಲ್ಲಿ ಬೀಳುತ್ತಿದ್ದಳು. ಗೆಲ್ಲುವ ತನಕ ಅದರ ನೆತ್ತಿ ನೋಡುವುದಿಲ್ಲ ಎಂದು ಹಟ ಹಿಡಿದಿದ್ದಳು. ನವೆಂಬರಿನ ಒಂದು ಭಾನುವಾರ ಅವಳ ಕಣ್ಣು ಅದರ ಹೆಸರನ್ನು ಹಲಗೆಯ ಮೇಲೆ ಬರೆಯಿತು.

ಅದು ಡಾರೆಲ್‌ನ ಕೈಲಾಗುವ ಬಂಡೆಯಲ್ಲ. ಅವನು ಹಿಂಬದಿಗೆ ಸುತ್ತಿಹೋಗಿ, ಬಿರುಕು ಹಿಡಿದು ತೆವಳಿಕೊಂಡು ಮೇಲೇರಿ, ಅರ್ಧ ಗಂಟೆ ಅಲ್ಲೇ ಕೂತ. ಮನೆಗೆ ಬಂದು, ಹತ್ತಿಬಿಟ್ಟೆ ಕಣೇ ಅಂದ. ನೆತ್ತಿಯಲ್ಲಿ ಬೋಗುಣಿಯಂಥ ಗುಂಡಿ ಇದೆ, ಅದರಲ್ಲಿ ನೀರು ಹೆಪ್ಪುಗಟ್ಟಿದೆ, ಮಂಜುಗಡ್ಡೆಯ ಒಳಗೊಂದು ಹಕ್ಕಿಯ ಗರಿ ಸಿಕ್ಕಿಕೊಂಡಿದೆ, ಅಲ್ಲಿಂದ ನೋಡಿದರೆ ಕಾಲುವೆ ದಾರದಂತೆ ಕಾಣುತ್ತದೆ ಎಂದು ಬಣ್ಣಿಸಿದ.

ಪೂರ್ತಿ ಕೇಳಿಸಿಕೊಂಡು ಅವಳು ಹಲಗೆಯತ್ತ ನೋಡಿದಳು. ಅವನು ಅಕ್ಷರ ಅಕ್ಷರ ಕೂಡಿಸಿ ಓದಿದ: ಹಿಂದಿನಿಂದ ಹತ್ತಿದ್ಯಾ?

"ಹೂಂ," ಅಂದ.

ಅವಳ ಎದೆ ಅದುರಿತು. ಉಸಿರು ಕಟ್ಟಿತೆಂದು ಅವನು ಗಾಬರಿಯಾಗಿ ಎದ್ದ. ಆಮೇಲೆ ಗೊತ್ತಾಯಿತು, ಅವಳು ನಗುತ್ತಿದ್ದಳು. ಅವನಿಗೂ ನಗು ಬಂತು. ನಗುತ್ತಲೇ ಅವಳ ಪಕ್ಕ ಹಾಸಿಗೆಗೆ ಹಣೆಯಿಟ್ಟವನಿಗೆ ಬಹಳ ಹೊತ್ತು ತಲೆ ಎತ್ತಲಾಗಲಿಲ್ಲ. ಎತ್ತಿದಾಗ ಅವಳ ಕಣ್ಣು ಮತ್ತೆ ಹಲಗೆಯ ಮೇಲಿತ್ತು: ಇನ್ನೊಂದ್ಸಲ ಹೇಳು. ಅವನು ಕೆನ್ನೆ ಒರೆಸಿಕೊಂಡು ಎಲ್ಲವನ್ನೂ ಮೊದಲಿನಿಂದ ಹೇಳಿದ.

ಆ ಭಾನುವಾರದ ಆಚೆಗೆ ಅವನು ಬಂಡೆ ಹತ್ತಲಿಲ್ಲ. ಅವಳನ್ನು ಬಿಟ್ಟು ಹೋಗುವ ಸ್ಥಿತಿ ಇರಲಿಲ್ಲ. ಜನವರಿಯ ಎರಡನೇ ವಾರ, ಬೆಳಿಗ್ಗೆ, ಅವನು ಅವಳ ಕೂದಲು ಬಾಚುತ್ತಿದ್ದಾಗ ಉಸಿರು ನಿಂತಿತು. ಒಂದು ಪಕ್ಕ ಬಾಚಿಯಾಗಿತ್ತು. ನರ್ಸ್ ಹತ್ತಿರ ಬಂದು ಅವನ ಮುಂಗೈ ಹಿಡಿದಳು. ಒಂದು ನಿಮಿಷ ಬಿಡಿ ಎಂದು ಅವನು ಕೈ ಬಿಡಿಸಿಕೊಂಡ; ನೊರೀನಳ ತಲೆಯನ್ನು ಜೋಪಾನವಾಗಿ ಹೊರಳಿಸಿ, ಇನ್ನೊಂದು ಪಕ್ಕವನ್ನೂ ಸಿಕ್ಕು ಬಿಡಿಸಿ ಬಾಚಿ ಮುಗಿಸಿದ.